ರೇಡಿಯೇಷನ್ ಕೊಟ್ಟ ಟಾನ್ಸಿಲ್ ತುಂಡಿನಲ್ಲಿ ಇಮ್ಯೂನ್ ಕೋಶಗಳು: ನನ್ನ ಗ್ರಾಫುಗಳು ತಾಳೆಯಾಗುತ್ತಿಲ್ಲ

ಅಮ್ಮತ್ತಿ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಊರು ಅಮ್ಮತ್ತಿ. ಎಂ.ಎಸ್ಸಿ. ಕೊನೆಯ ವರ್ಷ. ಪ್ರಾಜೆಕ್ಟ್ ಮಂಗಳೂರಿನ ಒಂದು ಲ್ಯಾಬಿನಲ್ಲಿ. ಪುತ್ತರಿ ಹಬ್ಬಕ್ಕೆ ಮನೆಗೆ ಬಂದಿದ್ದೇನೆ. ರಜೆಯಲ್ಲಿ ವರದಿ ಬರೆದು ಮುಗಿಸೋಣ ಅಂತ ಕೂತರೆ ಒಂದು ಗ್ರಾಫ್ ಹೇಳುವುದನ್ನು ಇನ್ನೊಂದು ಒಪ್ಪುತ್ತಿಲ್ಲ.

ಕೆಲಸ ಹೀಗಿದೆ. ಮಡಿಕೇರಿಯಲ್ಲಿ ಆಪರೇಷನ್ ಮಾಡಿ ತೆಗೆದ ಟಾನ್ಸಿಲ್ ನಮಗೆ ಸಿಗುತ್ತದೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ, ಮನೆಯವರ ಸಹಿ ಎಲ್ಲ ಇದೆ. ಅದನ್ನು ತಣ್ಣನೆಯ ಮೀಡಿಯಾದಲ್ಲಿ ಹಾಕಿ, ಐಸ್ ಡಬ್ಬಿಯಲ್ಲಿ ಸಂಪಾಜೆ ಘಾಟಿ ಇಳಿಸಿ ಲ್ಯಾಬಿಗೆ ಒಯ್ಯುತ್ತೇವೆ. ಅಲ್ಲಿ 2-3 ಮಿಲಿಮೀಟರಿನ ತುಂಡು ಮಾಡಿ, ಕೊಲಾಜನ್ ಸ್ಪಂಜಿನ ಮೇಲೆ ಇಟ್ಟು ಬೆಳೆಸುತ್ತೇವೆ. ಮರುದಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ಚಿಕಿತ್ಸೆಯ ಕಿರಣ ಯಂತ್ರವಾದ ಲಿನ್ಯಾಕ್‌ನಲ್ಲಿ 2 ಗ್ರೇ ಅಥವಾ 10 ಗ್ರೇ (ಗ್ರೇ ಅಂದರೆ ವಿಕಿರಣದ ಡೋಸಿನ ಅಳತೆ) ಎಕ್ಸ್-ರೇ. ಹೋಲಿಸಿ ನೋಡಲು ರಕ್ತದಿಂದ ತೆಗೆದ ಲಿಂಫೋಸೈಟ್ (ಟಿ, ಬಿ ಮೊದಲಾದ ಬಿಳಿ ರಕ್ತಕೋಶ), ಜುರ್ಕಾಟ್ ಎಂಬ ಲ್ಯಾಬಿನ ಟಿ ಕೋಶಗಳು, ಟಿಎಚ್‌ಪಿ-1 ಎಂಬ ಲ್ಯಾಬಿನ ಕೋಶಗಳಿಗೆ ಪಿಎಂಎ ಎಂಬ ರಾಸಾಯನಿಕ ಹಾಕಿ ಮಾಡಿದ ಮ್ಯಾಕ್ರೊಫೇಜ್ (ಸೂಕ್ಷ್ಮಜೀವಿಗಳನ್ನು ನುಂಗುವ ಕೋಶ) ಕೂಡ ಇಟ್ಟಿದ್ದೇವೆ. ರಕ್ತದ ಟಿ ಕೋಶಗಳನ್ನು ಪಿಎಚ್‌ಎ ಹಾಕಿ ಕೆರಳಿಸಿಯೂ ನೋಡಿದ್ದೇವೆ.

ಈಗ ತೊಂದರೆ ಕೇಳಿ. ರಕ್ತದ ಲಿಂಫೋಸೈಟ್ 2 ಗ್ರೇಗೇ ಎರಡು ದಿನದಲ್ಲಿ ಕುಸಿಯುತ್ತದೆ. ಜುರ್ಕಾಟ್ ಮಾತ್ರ 10 ಗ್ರೇ ಕೊಟ್ಟ ಮರುದಿನವೂ ಎಂಟಿಟಿಯಲ್ಲಿ (ಬದುಕಿದ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಚೆನ್ನಾಗಿಯೇ ಇದೆ. ಜಾಸ್ತಿ ಒಡೆಯುವ, ಅಂದರೆ ಒಂದು ಎರಡಾಗಿ ಹೆಚ್ಚುವ, ಕೋಶವೇ ಮೊದಲು ಸಾಯಬೇಕು ಅಂತ ಪುಸ್ತಕದಲ್ಲಿದೆ, ಅಲ್ವಾ? ಇಲ್ಲಿ ತಿರುಗಾ ಮುರುಗಾ. ಮ್ಯಾಕ್ರೊಫೇಜ್ 10 ಗ್ರೇಗೂ ಬದುಕಿರುತ್ತದೆ, ಟಿಎನ್‌ಎಫ್ ಎಂಬ ಉರಿಯೂತದ ಸಂಕೇತವನ್ನು ಇನ್ನೂ ಹೆಚ್ಚು ಬಿಡುತ್ತದೆ. ಟಾನ್ಸಿಲ್ ತುಂಡಿನಲ್ಲಂತೂ ರೇಡಿಯೇಷನ್ ಕೊಡದ ಕಂಟ್ರೋಲಿನಲ್ಲೂ ಬಿ ಕೋಶಗಳು ಕಡಿಮೆಯಾಗುತ್ತಿವೆ. ಅದೇ ತುಂಡಿನ ಟಿ ಕೋಶಗಳು ರಕ್ತದ ಟಿ ಕೋಶಗಳಿಗಿಂತ ಗಟ್ಟಿಯಾಗಿ ನಿಂತಿವೆ.

"ವಿಕಿರಣವು ರೋಗನಿರೋಧಕ ಕೋಶಗಳನ್ನು ಕುಗ್ಗಿಸುತ್ತದೆ" ಅಂತ ಒಂದು ಸಾಲು ಬರೆದು ಮುಗಿಸು ಅಂತ ಗೆಳತಿಯರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಾರಿ ತೋರಿಸಿ.

ಗರ್ವಾಲೆ_ತೋಟ:

ಆ ಸಾಲು ಬರೆಯಬೇಡ ಮಗಳೇ. ನಿನ್ನ ಗ್ರಾಫುಗಳು ಜಗಳವಾಡುತ್ತಿಲ್ಲ. ಪ್ರತಿಯೊಂದೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದೆ. ನಾನು ಮುಂಬೈಯಲ್ಲಿ ರೇಡಿಯೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾಗಿ ಈಗ ತೋಟ ನೋಡಿಕೊಂಡಿದ್ದೇನೆ. ಅರೇಬಿಕಾ ಕೊಯ್ಲು ನಡೀತಿದೆ, ಹಗಲು ಕೂರಲು ಆಗುವುದಿಲ್ಲ. ಆದರೆ ಈ ವಿಷಯ ಬಂದರೆ ನನಗೆ ಸುಮ್ನೆ ಇರಲು ಬರುವುದಿಲ್ಲ, ಹಾಗಾಗಿ ಉದ್ದ ಬರೆಯುತ್ತೇನೆ.

ಮೊದಲು ಜುರ್ಕಾಟ್. ನೀನು ಹೇಳುವ ಪುಸ್ತಕದ ನಿಯಮ 1906ರದ್ದು, ಬರ್ಗೋನಿಯೆ ಮತ್ತು ಟ್ರಿಬೊಂಡೊ ಎಂಬ ಇಬ್ಬರು ಫ್ರೆಂಚರದ್ದು. ಬೇಗ ಬೇಗ ಒಡೆಯುವ, ಇನ್ನೂ ಪಕ್ವವಾಗದ ಕೋಶಗಳು ವಿಕಿರಣಕ್ಕೆ ಬೇಗ ಬಗ್ಗುತ್ತವೆ ಎನ್ನುವುದು ಅದರ ಸಾರ. ಬಹುಪಾಲು ಕೋಶಗಳಿಗೆ ಇದು ಸರಿ. ಲಿಂಫೋಸೈಟ್ ಇದಕ್ಕೆ ದೊಡ್ಡ ಅಪವಾದ. ರಕ್ತದಲ್ಲಿ ತಿರುಗುವ ಲಿಂಫೋಸೈಟ್ ಒಡೆಯುತ್ತಿರುವುದಿಲ್ಲ, ಪಕ್ವವೂ ಆಗಿದೆ. ಆದರೂ ದೇಹದ ಅತಿ ಸೂಕ್ಷ್ಮ ಕೋಶಗಳಲ್ಲಿ ಅದೂ ಒಂದು. ಯಾಕೆ? 1 ಗ್ರೇ ಎಕ್ಸ್-ರೇ ಬಿದ್ದರೆ ಒಂದು ಕೋಶದ ಡಿಎನ್‌ಎಯಲ್ಲಿ ಎರಡೂ ಎಳೆ ತುಂಡಾಗುವ ಗಾಯಗಳು ಸುಮಾರು 40 ಆಗುತ್ತವೆ. ಚರ್ಮದ ಕೋಶ ಅಂಥ ಗಾಯವನ್ನು ಕಂಡರೆ ನಿಂತು ರಿಪೇರಿಗೆ ಕೂರುತ್ತದೆ. ವಿಶ್ರಾಂತಿಯಲ್ಲಿರುವ ಲಿಂಫೋಸೈಟ್ ಹಾಗಲ್ಲ. ಅದರೊಳಗಿನ ಪಿ53 ಪ್ರೋಟೀನ್ ಎಚ್ಚೆತ್ತು, ಒಡೆಯುವ ಸರದಿ ಬರುವ ಮೊದಲೇ ಕೋಶವನ್ನು ಸಾವಿನ ದಾರಿಗೆ ಕಳಿಸುತ್ತದೆ. ಇದಕ್ಕೆ ಅಪಾಪ್ಟೋಸಿಸ್ ಅನ್ನುತ್ತಾರೆ. ಒಂದೆರಡು ದಿನದಲ್ಲಿ ಮುಗಿಯುತ್ತದೆ. ನೀನು ಕಂಡ ಕುಸಿತ ಅದೇ.

ಜುರ್ಕಾಟ್‌ನಲ್ಲಿ ಸರಿಯಾಗಿ ಕೆಲಸ ಮಾಡುವ ಪಿ53 ಇಲ್ಲ. ಟಿಎಚ್‌ಪಿ-1ರಲ್ಲೂ ಇಲ್ಲ. ಎರಡೂ ರಕ್ತದ ಕ್ಯಾನ್ಸರಿನಿಂದ ಬಂದ ಕೋಶಗಳು ಅನ್ನುವುದನ್ನು ಮರೆಯಬಾರದು. ಬೇಗ ಸಾಯುವ ದಾರಿ ಮುಚ್ಚಿರುವುದರಿಂದ ಜುರ್ಕಾಟ್ ಗಾಯ ಹೊತ್ತುಕೊಂಡೇ ಒಡೆಯುವುದಕ್ಕೆ ಸ್ವಲ್ಪ ಮುಂಚಿನ ಜಿ2 ಹಂತದ ತನಕ ಹೋಗಿ ಅಲ್ಲಿ ನಿಲ್ಲುತ್ತದೆ. ಒಡೆಯಲು ಹೋದಾಗ ಕೆಡುತ್ತದೆ. ಮೊದಲ ದಿನ ಅಳೆದರೆ ಬದುಕಿದಂತೆಯೇ ಕಾಣುತ್ತದೆ. ಇನ್ನೂ ಕೆಲವು ದಿನ ಬಿಟ್ಟು ಎಣಿಸು, ಆಗ ಕಥೆ ಬೇರೆ. ಹಾಗಾಗಿ ಲ್ಯಾಬಿನಲ್ಲಿ ಸದಾ ಬೆಳೆಯುವ ಈ ಎರಡು ಕೋಶ-ಲೈನುಗಳಲ್ಲಿ ಕಂಡದ್ದನ್ನು ಮಾಮೂಲಿ ಮನುಷ್ಯನ ಟಿ ಕೋಶಕ್ಕೆ, ಮ್ಯಾಕ್ರೊಫೇಜ್‌ಗೆ ನೇರವಾಗಿ ಅನ್ವಯಿಸಬೇಡ.

ಇನ್ನು ಎಂಟಿಟಿ. ನನ್ನ ಮನಸ್ಸಿನ ಮಾತು ಹೇಳುತ್ತೇನೆ: ವಿಕಿರಣದ ಕೆಲಸದಲ್ಲಿ ಎಂಟಿಟಿ ಒಂದನ್ನೇ ನಂಬಿದ ವರದಿ ಕಂಡರೆ ನನಗೆ ಸಂಕಟವಾಗುತ್ತದೆ. ಹಳದಿ ಬಣ್ಣ ನೇರಳೆಗೆ ತಿರುಗಿದರೆ ಕೋಶದ ಕಿಣ್ವಗಳು ಕೆಲಸ ಮಾಡುತ್ತಿವೆ ಅಂತ ಅಷ್ಟೇ ಅರ್ಥ. ಆ ಕೋಶ ಮುಂದೆ ಒಡೆಯಬಲ್ಲದೋ, ಶತ್ರುವನ್ನು ಗುರುತಿಸಬಲ್ಲದೋ, ಅದಕ್ಕೆ ಗೊತ್ತಿಲ್ಲ. 10 ಗ್ರೇ ತಿಂದ ಕೋಶ ಒಡೆಯುವುದನ್ನು ನಿಲ್ಲಿಸಿ ದಪ್ಪವಾಗಿ ಊದಿಕೊಂಡು ಬಣ್ಣ ಮಾತ್ರ ಚೆನ್ನಾಗಿ ಕೊಡಬಹುದು.

ಒಡೆಯುವ ಶಕ್ತಿ ಬೇರೆ, ಕೆಲಸ ಮಾಡುವ ಶಕ್ತಿ ಬೇರೆ. ಇದನ್ನು ಗಟ್ಟಿಯಾಗಿ ಹಿಡಿದುಕೋ. ಇಮ್ಯುನಾಲಜಿಯ ಹಳೆಯ ಪ್ರಯೋಗವೊಂದು ನಿಂತಿರುವುದೇ ಇದರ ಮೇಲೆ. ಇಬ್ಬರ ರಕ್ತದ ಬಿಳಿ ಕೋಶಗಳನ್ನು ಲ್ಯಾಬ್ ತಟ್ಟೆಯ ಒಂದೇ ಬಾವಿಯಲ್ಲಿ (ಸಣ್ಣ ಗುಳಿ) ಬೆರೆಸುತ್ತಾರೆ. ಒಬ್ಬರದ್ದಕ್ಕೆ ಮೊದಲೇ ಸುಮಾರು 20-30 ಗ್ರೇ ಕೊಟ್ಟಿರುತ್ತಾರೆ. ಆ ಕೋಶಗಳು ಇನ್ನು ಒಡೆಯುವುದಿಲ್ಲ. ಆದರೆ ತಮ್ಮ ಮೈಮೇಲಿನ ಗುರುತನ್ನು ತೋರಿಸುತ್ತಲೇ ಇರುತ್ತವೆ, ಇನ್ನೊಬ್ಬರ ಟಿ ಕೋಶಗಳನ್ನು ಕೆರಳಿಸುತ್ತಲೇ ಇರುತ್ತವೆ. ಹೇಸರಗತ್ತೆ ಮರಿ ಹಾಕುವುದಿಲ್ಲ, ಹೊರೆ ಮಾತ್ರ ಹೊರುತ್ತದೆ. ಹಾಗೆ. ಟಿ ಕೋಶಕ್ಕೆ ಮಾತ್ರ ಒಡೆಯುವುದೂ ಕೆಲಸದ ಭಾಗವೇ. ಒಂದು ಸಾವಿರವಾಗದಿದ್ದರೆ ಸೋಂಕನ್ನು ಎದುರಿಸಲು ಆಗುವುದಿಲ್ಲ. ಅದಕ್ಕೇ ಅದಕ್ಕೆ ಪೆಟ್ಟು ಜಾಸ್ತಿ. ಪ್ಲಾಸ್ಮಾ ಕೋಶ ಇನ್ನು ಒಡೆಯಬೇಕಿಲ್ಲ, ಪ್ರತಿಕಾಯ ಮಾಡುತ್ತಾ ಕೂತರೆ ಸಾಕು. ವಿಕಿರಣಕ್ಕೆ ಅದು ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. 1950ರ ದಶಕದಲ್ಲೇ ಮೊಲಗಳಲ್ಲಿ ಇದರ ಫಲ ಕಂಡಿತ್ತು. ಆಂಟಿಜೆನ್ (ದೇಹ ಹೊರಗಿನದು ಅಂತ ಗುರುತಿಸುವ ವಸ್ತು) ಕೊಡುವ ಮೊದಲು ವಿಕಿರಣ ಕೊಟ್ಟರೆ ಪ್ರತಿಕಾಯ ತುಂಬಾ ಕುಸಿಯುತ್ತದೆ, ಆಂಟಿಜೆನ್ ಕೆಲಸ ಶುರು ಮಾಡಿದ ನಂತರ ಕೊಟ್ಟರೆ ಅಷ್ಟಿಲ್ಲ.

ನೀನು ರಕ್ತದ ಟಿ ಕೋಶಕ್ಕೆ ಪಿಎಚ್‌ಎ ಹಾಕಿ ಕೆರಳಿಸಿದ್ದು ರೇಡಿಯೇಷನ್‌ಗೆ ಮೊದಲೋ ನಂತರವೋ? ನೀನು ಬರೆದಿಲ್ಲ. ಅದು ಬಹಳ ಮುಖ್ಯ. ರಾಜ್ಮಾ ಕಾಳಿನ ಈ ಪ್ರೋಟೀನ್ ಲಿಂಫೋಸೈಟನ್ನು ನಿದ್ದೆಯಿಂದ ಎಬ್ಬಿಸಿ ಒಡೆಯುವಂತೆ ಮಾಡುತ್ತದೆ ಎಂದು 1960ರಲ್ಲಿ ಪೀಟರ್ ನೋವೆಲ್ ತೋರಿಸಿದರು. ಮೊದಲೇ ಎಬ್ಬಿಸಿದ ಟಿ ಕೋಶ ಬೇಗ ಸಾಯುವ ದಾರಿಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಮಲಗಿದ್ದದ್ದು ಬೀಳುತ್ತದೆ. ವರದಿಯಲ್ಲಿ ಈ ಕ್ರಮವನ್ನು ಸ್ಪಷ್ಟವಾಗಿ ಬರೆ.

ಟಾನ್ಸಿಲ್ ತುಂಡಿಗೆ ಬರೋಣ. ನಿನ್ನ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಕಂಟ್ರೋಲಿನಲ್ಲಿ ಬಿ ಕೋಶ ಕಡಿಮೆಯಾಗುವುದು ತಪ್ಪಲ್ಲ, ಅದರ ಸ್ವಭಾವ. ಟಾನ್ಸಿಲಿನಲ್ಲಿ ಬಿ ಕೋಶಗಳು ಪಳಗುವ ಜಾಗವಾದ ಜರ್ಮಿನಲ್ ಸೆಂಟರ್‌ನಲ್ಲಿರುವ ಬಿ ಕೋಶಗಳು ಸದಾ ಸಾವಿನ ಅಂಚಿನಲ್ಲೇ ಇರುತ್ತವೆ. ಪಕ್ಕದ ಕೋಶಗಳಿಂದ "ಬದುಕು" ಎನ್ನುವ ಸಂಕೇತ ಸಿಗುತ್ತಿರುವ ತನಕ ಮಾತ್ರ ಉಳಿಯುತ್ತವೆ. ದೇಹದಿಂದ ತೆಗೆದು ಬೆಳೆಸಿದರೆ ಆ ಸಂಕೇತ ತಗ್ಗುತ್ತದೆ. ಆದ್ದರಿಂದ ಪ್ರತಿ ಹೊತ್ತಿಗೂ ಅದೇ ಹೊತ್ತಿನ ಕಂಟ್ರೋಲ್ ಜೊತೆ ಹೋಲಿಸು, ಮೊದಲ ದಿನದ ಎಣಿಕೆ ಜೊತೆಗಲ್ಲ. ಆಗ ಉಳಿಯುವ ವ್ಯತ್ಯಾಸ ಮಾತ್ರ ವಿಕಿರಣದ್ದು.

ತುಂಡಿನ ಟಿ ಕೋಶಗಳು ಗಟ್ಟಿಯಾಗಿರುವುದಕ್ಕೆ ನನಗೆ ಎರಡು ಕಾರಣ ತೋಚುತ್ತವೆ. ಒಂದು ಆಮ್ಲಜನಕ. ಅಂಗಾಂಶದೊಳಗೆ ಅದು ಹರಡುವುದು 100-200 ಮೈಕ್ರೊಮೀಟರ್ ಅಷ್ಟೇ. ನಿನ್ನ ತುಂಡಿನ ದಪ್ಪ 2-3 ಮಿಲಿಮೀಟರ್. ನಡುಭಾಗ ಉಸಿರುಗಟ್ಟಿದೆ. ಆಮ್ಲಜನಕವೇ ಇಲ್ಲದ ಕೋಶವನ್ನು ಎಕ್ಸ್-ರೇಯಿಂದ ಅಷ್ಟೇ ಪ್ರಮಾಣದಲ್ಲಿ ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು. ನಡುವಿನ ಕೋಶಗಳು ತಾವಾಗಿಯೇ ಸಾಯುತ್ತಿರಲೂಬಹುದು. ಹಾಗಾಗಿ ಒಂದಷ್ಟು ತುಂಡುಗಳನ್ನು ಸೀಳಿ ಬಣ್ಣ ಹಾಕಿ ಅಂಚನ್ನೂ ನಡುವನ್ನೂ ಬೇರೆ ಬೇರೆ ನೋಡು. ಎರಡನೆಯದು ಟಿ ಕೋಶದ ಜಾತಿ. ಅಂಗಾಂಶದಲ್ಲಿ ನೆಲೆ ನಿಂತ ನೆನಪಿನ ಟಿ ಕೋಶಗಳು ರಕ್ತದಲ್ಲಿ ತಿರುಗುವ ಹೊಸ ಟಿ ಕೋಶಗಳಿಗಿಂತ ಗಟ್ಟಿ. ಇಲಿಗಳ ಗಡ್ಡೆಯೊಳಗೆ ಮೊದಲೇ ಸೇರಿಕೊಂಡಿದ್ದ ಟಿ ಕೋಶಗಳು ರೇಡಿಯೇಷನ್ ಆದ ಮೇಲೂ ಉಳಿದು ಕೆಲಸ ಮಾಡುವುದನ್ನು 2019ರಲ್ಲಿ ತೋರಿಸಿದ್ದಾರೆ. ಫ್ಲೋ ಸೈಟೋಮೀಟರಿನಲ್ಲಿ (ಗುರುತು ನೋಡಿ ಕೋಶ ಎಣಿಸುವ ಯಂತ್ರ) ಹೊಸದು, ನೆನಪಿನದು ಅಂತ ಬೇರೆ ಮಾಡಿದ್ದೀಯಾ? ಮಾಡಿಲ್ಲದಿದ್ದರೆ ಮಾಡು.

ಘಾಟಿಯ ವಿಷಯ. ತಣ್ಣಗಿರುವಾಗ ಕೋಶದ ರಿಪೇರಿ ಕೆಲಸ ಹೆಚ್ಚುಕಡಿಮೆ ನಿಂತಿರುತ್ತದೆ. ಲಿನ್ಯಾಕ್‌ಗೆ ಒಯ್ಯುವಾಗಲೂ ಐಸ್ ಮೇಲೆ ಒಯ್ಯುತ್ತಿದ್ದರೆ ಬಿಡು, 37 ಡಿಗ್ರಿಯಲ್ಲಿ ಇರಲಿ. ಕಂಟ್ರೋಲ್ ತಟ್ಟೆಯೂ ಅದೇ ಕಾರಿನಲ್ಲಿ, ಅದೇ ಡಬ್ಬಿಯಲ್ಲಿ ಆಸ್ಪತ್ರೆಯ ತನಕ ಹೋಗಿ ಬರಬೇಕು. ಲ್ಯಾಬಿನ ಇನ್‌ಕ್ಯುಬೇಟರಿನಲ್ಲೇ ಕೂತ ತಟ್ಟೆ ಕಂಟ್ರೋಲ್ ಅಲ್ಲ. ಮಳೆಗಾಲದಲ್ಲಿ ಸಂಪಾಜೆ ದಾರಿ ಕಟ್ಟಿ ಟಾನ್ಸಿಲ್ ತಡವಾಗಿ ಬಂದ ದಿನಗಳಿದ್ದರೆ, ಆ ತಡವನ್ನು ಗಂಟೆ ಸಮೇತ ಕೋಷ್ಟಕದಲ್ಲಿ ಹಾಕು. ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವರು ಇದನ್ನು ಮುಚ್ಚಿಡಬೇಕಾಗಿಲ್ಲ.

ಗೋಣಿಕೊಪ್ಪ_ಫಿಸಿಕ್ಸ್:

ಅಕ್ಕ ಹೇಳಿದ್ದಕ್ಕೆ ಸಣ್ಣ ಸೇರಿಕೆ. ನಾನು ರೇಡಿಯೋಥೆರಪಿ ವಿಭಾಗದ ಫಿಸಿಸಿಸ್ಟ್. ಲಿನ್ಯಾಕಿನ 6 ಎಂವಿ ಶಕ್ತಿಯ ಎಕ್ಸ್-ರೇ ಆದರೆ ಡೋಸ್ ಪೂರ್ತಿ ಏರುವುದು ಸುಮಾರು 1.5 ಸೆಂಟಿಮೀಟರ್ ಆಳದಲ್ಲಿ. ತಟ್ಟೆಯಲ್ಲಿ ಮೀಡಿಯಾ ಇರುವುದು ಕೆಲವೇ ಮಿಲಿಮೀಟರ್. ಮೇಲಿನಿಂದ ನೇರವಾಗಿ ಬಿಟ್ಟರೆ ಕೋಶಗಳಿಗೆ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಬೀಳುತ್ತದೆ. ಕಿರಣ ಬರುವ ಕಡೆ 1.5 ಸೆಂಟಿಮೀಟರ್ ನೀರಿಗೆ ಸಮನಾದ ಹಲಗೆ ಇಡಬೇಕು. ಆಚೆ ಕಡೆಯೂ ಕೆಲವು ಸೆಂಟಿಮೀಟರ್ ಹಲಗೆ ಬೇಕು. ಇಲ್ಲದಿದ್ದರೆ ಹಿಂದಕ್ಕೆ ಚದುರಿ ಬರುವ ಪಾಲು ತಪ್ಪಿಹೋಗುತ್ತದೆ. ತಟ್ಟೆಯ ಬಾವಿಗಳ ನಡುವೆ ಗಾಳಿ ಇರುವುದೂ ಲೆಕ್ಕಕ್ಕೆ ಬರುತ್ತದೆ. ಒಂದು ಸಲ ತಟ್ಟೆಯ ಜಾಗದಲ್ಲೇ ಫಿಲ್ಮ್ ಇಟ್ಟು ಅಳೆಸಿಕೊಳ್ಳಿ. ಆಸ್ಪತ್ರೆಯ ಫಿಸಿಸಿಸ್ಟನ್ನು ಕೇಳಿದರೆ ಖಂಡಿತ ಮಾಡಿಕೊಡುತ್ತಾರೆ. ಡೋಸ್ ರೇಟನ್ನೂ ಬರೆದಿಡಿ. ಬೀಜ, ಪಾಲಿಮರ್ ಕೆಲಸಕ್ಕೆ ಬಳಸುವ ಕೋಬಾಲ್ಟ್ ಗಾಮಾ ಚೇಂಬರ್ ಹತ್ತಿರದಲ್ಲಿ ಸಿಗುತ್ತದೆ ಅಂತ ಅಲ್ಲಿಗೆ ಹೋಗಬೇಡಿ. ಹೊಸ ಸೋರ್ಸ್ ಇದ್ದರೆ ಗಂಟೆಗೆ ಸಾವಿರಾರು ಗ್ರೇ ಕೊಡುತ್ತದೆ. 2 ಗ್ರೇ ಎಂಬುದು ಸ್ಯಾಂಪಲ್ ಒಳಗೆ ಇಳಿದು ಮೇಲೆ ಬರುವಷ್ಟರಲ್ಲೇ ಮುಗಿದುಹೋಗುತ್ತದೆ.

ಅಮ್ಮತ್ತಿ_ಹುಡುಗಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಪಿಎಚ್‌ಎ ಹಾಕಿದ್ದು ರೇಡಿಯೇಷನ್ ಆದ ನಂತರ. ಹಲಗೆ ಇಟ್ಟೇ ಕೊಟ್ಟಿದ್ದಾರೆ, ಫಿಲ್ಮ್ ಅಳತೆ ಕೇಳುತ್ತೇನೆ. ಮ್ಯಾಕ್ರೊಫೇಜ್ ಬಗ್ಗೆ ಇನ್ನೂ ಗೊಂದಲ ಇದೆ. ಕಡಿಮೆ ರೇಡಿಯೇಷನ್ ಉರಿಯೂತವನ್ನು ಇಳಿಸುತ್ತದೆ ಅಂತ ಓದಿದ್ದೇನೆ. ನನ್ನಲ್ಲಿ ಟಿಎನ್‌ಎಫ್ ಏರಿದೆ. ಕೋಶದೊಳಗೆ ದಾರಿತಪ್ಪಿದ ಡಿಎನ್‌ಎ ಕಂಡು ಎಚ್ಚರಿಸುವ ಸಿಜಿಎಎಸ್-ಸ್ಟಿಂಗ್ ದಾರಿಯಿಂದ ಏರಿದೆ ಅಂತ ಬರೆಯಬಹುದಾ?

ಗರ್ವಾಲೆ_ತೋಟ:

ಎರಡೂ ನಿಜ, ಡೋಸ್ ಬೇರೆ. ಕೆರಳಿದ ಮ್ಯಾಕ್ರೊಫೇಜ್‌ಗೆ ಸುಮಾರು 0.3ರಿಂದ 1 ಗ್ರೇ ಕೊಟ್ಟಾಗ ಅದು ಬಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಜರ್ಮನಿಯಲ್ಲಿ ಹಿಮ್ಮಡಿ ನೋವಿಗೆ, ಕೀಲು ನೋವಿಗೆ ಇಂಥ ಸಣ್ಣ ಡೋಸ್ ಕೊಡುವ ಪದ್ಧತಿ ಇದೆ. 10 ಗ್ರೇ ಬೇರೆ ಲೋಕ. ನಿನ್ನ ಹತ್ತಿರ 2ಕ್ಕಿಂತ ಕೆಳಗಿನ ಡೋಸೇ ಇಲ್ಲ. 0.5 ಗ್ರೇ ಒಂದು ಸೇರಿಸಿದರೆ ಗ್ರಾಫ್ ಎಷ್ಟು ಚೆಂದ ಮಾತಾಡುತ್ತದೆ ನೋಡು.

ಸ್ಟಿಂಗ್ ಬಗ್ಗೆ ಅವಸರ ಬೇಡ. 2017ರಲ್ಲಿ ಹೊರಬಂದ ಕೆಲಸಗಳು ತೋರಿಸಿದ್ದು ಹೀಗೆ: ವಿಕಿರಣ ತಿಂದ ಕೋಶ ಗಾಯದ ಜೊತೆಗೇ ಒಡೆದರೆ, ಡಿಎನ್‌ಎ ಚೂರುಗಳು ಪುಟ್ಟ ಮೈಕ್ರೊನ್ಯೂಕ್ಲಿಯಸ್ ಆಗಿ ಹೊರಗುಳಿಯುತ್ತವೆ. ಅದರ ಪೊರೆ ಹರಿದಾಗ ಸಿಜಿಎಎಸ್ ಆ ಡಿಎನ್‌ಎಯನ್ನು ಹಿಡಿದು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಕೂಗನ್ನು ಎಬ್ಬಿಸುತ್ತದೆ. ಅದಕ್ಕೆ ಕೋಶ ಒಡೆಯಲೇಬೇಕು. ನೀನು ಪಿಎಂಎ ಹಾಕಿ ಮ್ಯಾಕ್ರೊಫೇಜ್ ಮಾಡಿದ ಟಿಎಚ್‌ಪಿ-1 ಒಡೆಯುವುದನ್ನೇ ನಿಲ್ಲಿಸಿದೆ. ಹಾಗಾಗಿ ಅಲ್ಲಿ ಬೇರೆ ದಾರಿಯನ್ನು ಮೊದಲು ಅನುಮಾನಿಸು. ಡಿಎನ್‌ಎ ಗಾಯ ಕಂಡ ಎಟಿಎಂ ಕಿಣ್ವ ಉರಿಯೂತದ ಜೀನುಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾಬಿಯನ್ನು ಎಬ್ಬಿಸಬಲ್ಲದು, ಅದರಿಂದ ಟಿಎನ್‌ಎಫ್ ಏರುತ್ತದೆ. ಟಾನ್ಸಿಲ್ ತುಂಡಿನಲ್ಲಿ ಮಾತ್ರ ಇನ್ನೊಂದು ಸಾಧ್ಯತೆ ಇದೆ. ಸುತ್ತ ಸತ್ತ ಲಿಂಫೋಸೈಟ್‌ಗಳಿಂದ ಎಟಿಪಿ, ಎಚ್‌ಎಂಜಿಬಿ1 ಎಂಬ ಅಪಾಯದ ಸಂಕೇತಗಳು ಸೋರುತ್ತವೆ, ಡಿಎನ್‌ಎಯೂ ಸಿಗುತ್ತದೆ. ಮ್ಯಾಕ್ರೊಫೇಜ್ ಅದಕ್ಕೆ ಉತ್ತರ ಕೊಡುತ್ತಿರಬಹುದು. ಇದನ್ನು ಪರೀಕ್ಷಿಸುವುದು ಸುಲಭ. ರೇಡಿಯೇಷನ್ ಕೊಟ್ಟ ತುಂಡಿನ ಮೀಡಿಯಾವನ್ನು ಸೋಸಿ, ರೇಡಿಯೇಷನ್ ಕಾಣದ ಮ್ಯಾಕ್ರೊಫೇಜ್‌ಗೆ ಹಾಕು. ಆಗಲೂ ಟಿಎನ್‌ಎಫ್ ಏರಿದರೆ ಸುದ್ದಿ ಮೀಡಿಯಾದಲ್ಲಿದೆ.

ಟಿಎನ್‌ಎಫ್ ಅನ್ನು ಬದುಕಿದ ಕೋಶದ ಲೆಕ್ಕಕ್ಕೆ ಭಾಗಿಸಿ ಹೇಳು. ಮೀಡಿಯಾದಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇಲ್ಲ ಅಂತ ಖಾತ್ರಿ ಮಾಡಿಕೋ. ಲ್ಯಾಟೆಕ್ಸ್ ಮಣಿ ನುಂಗಿಸಿ ನೋಡುವುದನ್ನೂ ಬಿಡಬೇಡ. ಟಿಎನ್‌ಎಫ್ ಬಿಡುವ ಮ್ಯಾಕ್ರೊಫೇಜ್ ನುಂಗುವ ಕೆಲಸವನ್ನೂ ಅಷ್ಟೇ ಚೆನ್ನಾಗಿ ಮಾಡುತ್ತದೆ ಅಂತೇನಿಲ್ಲ. ಸಾಧ್ಯವಾದರೆ ರಕ್ತದ ಮೊನೊಸೈಟನ್ನೂ ಜೊತೆಗಿಡು. ಅದರಲ್ಲಿ ಡಿಎನ್‌ಎ ರಿಪೇರಿಗೆ ಬೇಕಾದ ಕೆಲವು ಪ್ರೋಟೀನ್‌ಗಳೇ ಇಲ್ಲ. ಅದೇ ಮೊನೊಸೈಟ್ ಮ್ಯಾಕ್ರೊಫೇಜ್ ಆಗಿ ಬೆಳೆದಾಗ ಅವು ಬಂದು ಗಟ್ಟಿಯಾಗುತ್ತದೆ. ಒಂದೇ ವಂಶ, ಎರಡು ವಯಸ್ಸು, ಎರಡು ಸ್ವಭಾವ. ಇದನ್ನು ಮೊದಲ ಸಲ ಓದಿದಾಗ ನಾನು ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಿದ್ದೆ.

ಕುಶಾಲನಗರ_ಅಕ್ಕ:

ನಾನು ವಿಜ್ಞಾನದವಳಲ್ಲ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ತಮ್ಮನಿಗೆ ಹಾಜ್ಕಿನ್ ಲಿಂಫೋಮಾ, ಲಿಂಫೋಸೈಟ್‌ಗಳ ಒಂದು ಕ್ಯಾನ್ಸರ್. ಮೈಸೂರಿನಲ್ಲಿ ಕೀಮೋ ಮುಗಿದು ರೇಡಿಯೇಷನ್ ನಡೀತಿದೆ. ಲಿಂಫೋಸೈಟ್ ತುಂಬಾ ಇಳಿದಿದೆ ಅಂತ ರಿಪೋರ್ಟ್. ರಕ್ತ ಹಾಕಬೇಕಾಗಬಹುದು ಅಂದಿದ್ದಾರೆ. "ಇರೇಡಿಯೇಟೆಡ್ ರಕ್ತ" ಬೇಕಂತೆ. ರೇಡಿಯೇಷನ್‌ನಿಂದ ಕೋಶ ಸಾಯುತ್ತದೆ ಅಂತೀರಿ, ಆಮೇಲೆ ಅಂಥದ್ದೇ ರಕ್ತ ಯಾಕೆ ಹಾಕುತ್ತಾರೆ? ನನ್ನ ಗ್ರೂಪ್ ಅವನದ್ದೇ. ನಾನೇ ಕೊಟ್ಟರೆ ಇದೆಲ್ಲ ಬೇಡ ಅಲ್ವಾ?

ಗರ್ವಾಲೆ_ತೋಟ:

ಅಕ್ಕ, ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು. ರೇಡಿಯೇಷನ್ ಸಮಯದಲ್ಲಿ ಲಿಂಫೋಸೈಟ್ ಇಳಿಯುವುದು ಸಾಮಾನ್ಯ. ಕಿರಣ ಬೀಳುವ ಜಾಗದಲ್ಲಿ ಹರಿದುಹೋಗುವ ರಕ್ತದಲ್ಲೂ ಆ ಕೋಶಗಳಿರುತ್ತವೆ. ಕೀಮೋದ ಪಾಲೂ ಅದರಲ್ಲಿದೆ. ಜ್ವರ 38 ಡಿಗ್ರಿ ದಾಟಿದರೆ ಮನೆಯಲ್ಲಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

ರಕ್ತದ ಚೀಲಕ್ಕೆ ಕೊಡುವುದು ಸುಮಾರು 25 ಗ್ರೇ. ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಒಡೆಯುವ ಕೆಲಸವೂ ಇಲ್ಲ. ಅದು ಆಮ್ಲಜನಕ ಹೊರುವುದನ್ನು ಮುಂದುವರಿಸುತ್ತದೆ. ಚೀಲದಲ್ಲಿ ಉಳಿದಿರುವ ದಾನಿಯ ಟಿ ಕೋಶಗಳು ಮಾತ್ರ ಇನ್ನು ಒಡೆಯಲಾರವು. ಬೇಕಾಗಿರುವುದು ಅದೇ. ನಿಮ್ಮ ತಮ್ಮನ ಶಕ್ತಿ ಕುಗ್ಗಿದೆ. ಹೊರಗಿನ ಟಿ ಕೋಶ ಒಳಗೆ ಹೋಗಿ ಸಂಖ್ಯೆ ಬೆಳೆಸಿಕೊಂಡರೆ ಅವನ ಚರ್ಮ, ಕರುಳು, ಲಿವರ್, ಮೂಳೆ ಮಜ್ಜೆಯ ಮೇಲೆಯೇ ತಿರುಗಿ ಬೀಳುತ್ತದೆ. ಅಪರೂಪ, ಆದರೆ ಬಂದರೆ ಉಳಿಸುವುದು ಬಹಳ ಕಷ್ಟ. ಹಾಜ್ಕಿನ್ ಇರುವವರಿಗೆ ಇರೇಡಿಯೇಟೆಡ್ ರಕ್ತ ಕೇಳುವುದು ಅದಕ್ಕೇ. ಬಿಳಿ ಕಣ ಸೋಸಿದ ಫಿಲ್ಟರ್ ರಕ್ತ ಇದಕ್ಕೆ ಬದಲಿಯಾಗುವುದಿಲ್ಲ. ಚೀಲದಲ್ಲಿ ವಿಕಿರಣ ಉಳಿಯುವುದಿಲ್ಲ, ಹೆದರಬೇಡಿ. ಪೊಟ್ಯಾಸಿಯಂ ಸ್ವಲ್ಪ ಬೇಗ ಸೋರುತ್ತದೆ, ಹಾಗಾಗಿ ಅಂಥ ಚೀಲವನ್ನು ಹೆಚ್ಚು ದಿನ ಇಡುವುದಿಲ್ಲ.

ನಿಮ್ಮ ರಕ್ತದ ವಿಷಯವನ್ನು ಒತ್ತಿ ಹೇಳುತ್ತೇನೆ. ಒಡಹುಟ್ಟಿದವರ ರಕ್ತದಲ್ಲಿ ಈ ಅಪಾಯ ಜಾಸ್ತಿ. ನಿಮ್ಮ ಕೋಶಗಳ ಮೈಮೇಲಿನ ಎಚ್‌ಎಲ್‌ಎ ಎಂಬ ಗುರುತು ಅವನದ್ದನ್ನು ಹೋಲುವುದರಿಂದ ಅವನ ದೇಹ ನಿಮ್ಮ ಟಿ ಕೋಶವನ್ನು ಹೊರಗಿನದು ಅಂತ ಗುರುತಿಸದೆ ಬಿಟ್ಟುಬಿಡಬಹುದು. ನಿಮ್ಮ ಟಿ ಕೋಶಕ್ಕೆ ಅವನು ಹೊರಗಿನವನಾಗಿ ಕಾಣಬಹುದು. ಕೊಡುವ ಮನಸ್ಸಿದ್ದರೆ ಬ್ಲಡ್ ಬ್ಯಾಂಕಿಗೆ ಕೊಡಿ, ಬೇರೆ ಯಾರಿಗಾದರೂ ಆಗುತ್ತದೆ. ತಮ್ಮನಿಗೇ ಕೊಡುವುದಾದರೆ ನೀವು ಅವನ ಅಕ್ಕ ಅಂತ ಅಲ್ಲಿ ಮೊದಲೇ ಹೇಳಿ. ಚೀಲವನ್ನು ಇರೇಡಿಯೇಟ್ ಮಾಡದೆ ಹಾಕಬಾರದು. ಅವನ ಫೈಲಿನ ಮೇಲೆ "ಇರೇಡಿಯೇಟೆಡ್ ರಕ್ತ ಮಾತ್ರ" ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಮುಂದೆ ಯಾವತ್ತಾದರೂ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ತುರ್ತಾಗಿ ರಕ್ತ ಹಾಕಬೇಕಾಗಿ ಬಂದರೆ, ಆ ಕಾಗದವನ್ನೇ ಮೊದಲು ತೋರಿಸಿ.